ಭಾವ ಅಳೆಯದೆ ಬಿಟ್ಟದ್ದು

ನಮ್ಮ ಭಾವ ಇವತ್ತಿಗೂ ನನ್ನನ್ನು ಪೂರ್ತಿ ನಂಬಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ. ಅವರು ಇಡ್ಲಿಯನ್ನೂ ನಂಬುವುದಿಲ್ಲ!

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದವರು. ಬೋಲ್ಟುಗಳನ್ನು ಅನುಮಾನಿಸುವುದಕ್ಕೇ ಸಂಬಳ! ಆ ಚಟ ಮನೆಗೂ ಬಂತು. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಸದಾ ಅಂಗಿ ಜೇಬಿನಲ್ಲಿ. ನನಗೆ ಹೆಣ್ಣು ನೋಡಲು ಬಾಪೂಜಿನಗರಕ್ಕೆ ಹೋದಾಗ ಹುಡುಗಿ ಮನೆಯವರು ಕೊಟ್ಟ ಚಕ್ಕುಲಿಗಳನ್ನೆಲ್ಲ ಅಳೆದು, "ಒಂದೊಂದೂ ಒಂದೊಂದು ಸೈಜು. ಅಂಗಡೀದಲ್ಲ, ಹುಡುಗೀನೇ ಮಾಡಿರೋದು. ಒಪ್ಕೊಳಯ್ಯ" ಎಂದು ಪಿಸುಗುಟ್ಟಿದರು. ಒಪ್ಪಿಕೊಂಡೆ. ಚಕ್ಕುಲಿ ಪಕ್ಕದ್ಮನೆ ಆಂಟಿಯದು ಅಂತ ಭಾವನಿಗೆ ನಾವಿನ್ನೂ ಹೇಳಿಲ್ಲ!

ಇಂಥವರು ನಲವತ್ತೆರಡನೇ ವಯಸ್ಸಿನಲ್ಲಿ, "ಬೋಲ್ಟ್ ನೋಡಿದ್ದು ಸಾಕು. ಫೈನಾನ್ಸ್ ಓದಿ ಬ್ಯಾಲೆನ್ಸ್ ಶೀಟ್ ನೋಡ್ತೀನಿ" ಅಂತ ರಾಜೀನಾಮೆ ಕೊಟ್ಟರೆ ಮನೆಯವರ ಗತಿ ಏನು? ಸಂಜೆ ವಿಜಯನಗರದಲ್ಲಿ, ಮಕ್ಕಳ ವಯಸ್ಸಿನವರ ಜೊತೆ ಕ್ಲಾಸು. ಅದು ಸರಿ. ಬೆಳಗಿನದೇ ಅನುಮಾನ.

"ಆರಕ್ಕೇ ಬ್ಯಾಗ್ ತಗೊಂಡು ಎಲ್ಲಿಗ್ ಹೋಗ್ತಾರೆ ಹೇಳು? ಮುಟ್ಟಿದ್ರೆ ಕಿತ್ಕೋತಾರೆ. ಏನೋ ಮುಚ್ಚಿಡ್ತಿದಾರೆ ಕಣೋ" ಎಂದಳು ಅಕ್ಕ. "ಪರೀಕ್ಷೆ ಕೈಕೊಟ್ರೆ ಮುಂದೇನು ಅಂತ ನಂಗೆ ನಿದ್ದೆ ಇಲ್ಲ, ಇವ್ರು ನೋಡಿದ್ರೆ ಹೀಗೆ!" ನಾನು ಪತ್ತೇದಾರನಾದೆ.

ಮರುದಿನ ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಭಾವ ಮಲ್ಲತ್ತಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ ಕೂತು, ಅತ್ತಿತ್ತ ನೋಡಿ ಬ್ಯಾಗು ತೆರೆದರು. ಪ್ರೇಮಪತ್ರವೇ ಇರಬೇಕು ಅಂತ, ಗುರುತು ಸಿಗದಿರಲೆಂದು ಹೆಲ್ಮೆಟ್ ತೆಗೆಯದೆ, ಮೆಲ್ಲನೆ ಹಿಂದೆ ಹೋಗಿ ನಿಂತೆ.

"ವಾಕಿಂಗಿಗೆ ಯಾರಯ್ಯ ಹೆಲ್ಮೆಟ್ ಹಾಕ್ತಾರೆ? ತೆಗಿ" ಎಂದರು ಭಾವ, ತಿರುಗದೆಯೇ.

ಅವರ ತೊಡೆಯ ಮೇಲೆ ಬ್ರೌನ್ ಪೇಪರಿನ ಹೊದಿಕೆ ಹಾಕಿದ ಹಳೆಯ ನೋಟ್‌ಬುಕ್ಕು. ಮೇಲೆ ಅಕ್ಕನ ಹೆಸರು, ಬಿ.ಕಾಂ. ಕೊನೆಯ ವರ್ಷ. ಮದುವೆ ಗೊತ್ತಾದಾಗ ಅಕ್ಕ ಓದು ನಿಲ್ಲಿಸಿ, ಅಳುತ್ತಾ ಕಟ್ಟಿ ಅಟ್ಟಕ್ಕೆ ಹಾಕಿದ್ದ ಪುಸ್ತಕ ಅದು.

"ಕ್ಲಾಸಲ್ಲಿ ಹೇಳೋದು ತಲೆಗೆ ಹೋಗಲ್ಲ. ಇವಳು ಬರ್ದಿರೋದು ಹೋಗುತ್ತೆ. ನನ್ನ ಮದ್ವೆ ಆಗೋಕೆ ಓದು ಬಿಟ್ಟೋಳನ್ನ, ಈಗ ನಂಗೆ ಪಾಠ ಹೇಳ್ಕೊಡು ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಎಲ್ಲಾ ಸರಿಯಾಗಿದೆಯಾ ಭಾವ? ಚೆಕ್ ಮಾಡಿದ್ರಾ?" ಎಂದೆ.

"ಇವಳು ಬರ್ದಿದ್ದನ್ನ ಯಾಕಯ್ಯ ಚೆಕ್ ಮಾಡ್ಬೇಕು?"

ಇಡ್ಲಿಯನ್ನೂ ನಂಬದ ಮನುಷ್ಯ ಕಣ್ರೀ!

ಅಕ್ಕನಿಗೆ ವರದಿ ಒಪ್ಪಿಸಿದೆ. ಸೌಟು ಹಿಡಿದು ಹಾಗೇ ನಿಂತಳು. ಕಣ್ಣು ತುಂಬಿತು. ಮರುಕ್ಷಣ ಕಿರುಚಿದಳು: "ಅಯ್ಯೋ! ಹಳೇ ಮಿಷಿನ್ ಬೆಲೆ ಇಳಿಯೋ ಲೆಕ್ಕ ಅದ್ರಲ್ಲಿ ತಪ್ಪಿದೆ ಕಣೋ! ಮೇಷ್ಟ್ರು ಬೈದಿದ್ರು, ನಾನು ತಿದ್ಲೇ ಇಲ್ಲ. ಇವ್ರು ಅದನ್ನೇ ಬರ್ದು ಫೇಲಾಗ್ಬಿಡ್ತಾರೆ!"

ಮರುದಿನ ಆರಕ್ಕೆ ಕೆರೆಯ ಬೆಂಚಿನ ಮೇಲೆ ಇಬ್ಬರು. ಅಕ್ಕನ ಕೈಯಲ್ಲಿ ಕೆಂಪು ಪೆನ್ನು. "ನೋಡ್ರೀ, ಇಲ್ಲಿ ತಪ್ಪಿದೀನಿ" ಅಂತ ಗೀಟು ಹಾಕಲು ಹೋದಳು. ಭಾವ ತಟ್ಟನೆ ಅವಳ ಕೈ ಹಿಡಿದರು.

"ತಾಳು, ಅವಸರ ಮಾಡ್ಬೇಡ. ನಂಗೆ ನಿಮ್ಮ ಮೇಷ್ಟ್ರ ಮೇಲೇ ಅನುಮಾನ!"

ಅಕ್ಕ ಪೆನ್ನು ಕೆಳಗಿಟ್ಟು ಅತ್ತೇಬಿಟ್ಟಳು.