ನಾಲ್ಕನೆಯವರಿಗೆ ಏನು ಕೊಡುವುದು?

ನನ್ನ ಮೈದುನನಿಗೆ ಇಸ್ಪೀಟು ಆಡಲು ಬರುವುದಿಲ್ಲ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವನ ಮುಖಕ್ಕೇ ಹೇಳಿದ್ದೇನೆ. ರಾಜ ಬಂದರೆ ಅವನ ಹುಬ್ಬು ಮೇಲೇರುತ್ತದೆ, ಎಕ್ಕ ಬಂದರೆ ಮಂಡಿ ಕುಣಿಯುತ್ತದೆ. ಎದುರು ಕೂತವರು ಅವನ ಎಲೆ ನೋಡಬೇಕಾಗಿಲ್ಲ, ಅವನನ್ನು ನೋಡಿದರೆ ಸಾಕು! ಆದರೆ ಗೆದ್ದವರಿಗೆ ಎಷ್ಟು ಕೊಡಬೇಕು, ಸೋತವರಿಗೆ ಯಾಕೆ ಕೊಡಬಾರದು, ಗೆಲ್ಲುತ್ತಾ ಗೆಲ್ಲುತ್ತಾ ಸೋತವರನ್ನು ಏನು ಮಾಡಬೇಕು ಎಂದು ಅವನನ್ನು ಕೇಳಿ ನೋಡಿ. ಗವಿಪುರದಿಂದ ಮಲ್ಲೇಶ್ವರದವರೆಗೆ ಅವನನ್ನು ಮೀರಿಸುವವರು ಹುಟ್ಟಿಲ್ಲ. ಹುಟ್ಟುವುದೂ ಬೇಡ. ನಮ್ಮ ಮನೆಯ ಕಾಫಿಪುಡಿ ಅಂಥವನೊಬ್ಬನಿಗೇ ಸಾಲುತ್ತಿಲ್ಲ.

ಅವನು ಸರ್ಕಾರಿ ಕಚೇರಿಯಲ್ಲಿದ್ದವನು. ಅಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವಾಗ ಫೋನ್ ಮಾಡಿದರೂ ಮೀಟಿಂಗಿನಲ್ಲಿರುತ್ತಿದ್ದ. ರಿಟೈರ್ ಆದ ದಿನ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮೀಟಿಂಗನ್ನು ಮಾತ್ರ ಅವರೇ ಇಟ್ಟುಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕರ್ಮ.

ಮೊದಲು ಬೀದಿಯ ಗಣೇಶನ ಸಮಿತಿಗೆ ಸೇರಿದ. ಕಡಲೆ ಉಸಲಿಯನ್ನು ದೊಡ್ಡ ದೊನ್ನೆಯಲ್ಲಿ ಕೊಡಬೇಕೋ ಚಿಕ್ಕ ದೊನ್ನೆಯಲ್ಲೋ ಎಂಬ ಚರ್ಚೆ ಎತ್ತಿದ. ಚರ್ಚೆ ಮುಗಿಯುವ ಹೊತ್ತಿಗೆ ಗಣೇಶನನ್ನು ನೀರಿಗೆ ಬಿಟ್ಟಾಗಿತ್ತು. ಮರುವರ್ಷ ಇವನನ್ನು ಕರೆಯಲಿಲ್ಲ. ಆಮೇಲೆ ಪಾರ್ಕಿನ ವಾಕಿಂಗ್ ಗುಂಪು. ಎಡದಿಂದ ಬಲಕ್ಕೆ ಸುತ್ತಬೇಕೋ ಬಲದಿಂದ ಎಡಕ್ಕೋ ಎಂದು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ಅಭಿಪ್ರಾಯ ಕೇಳಿದ. ಸಕ್ಕರೆ ಕಾಯಿಲೆಯವರು ಪಾಪ, ಎಷ್ಟು ದಿನ ಕೂತಾರು? ಇವನಿಗೆ ಹೇಳದೆ ಅರ್ಧ ಗಂಟೆ ಮುಂಚೆ ಬಂದು ನಡೆದು ಮನೆಗೆ ಹೋಗತೊಡಗಿದರು.

ಅದು ತಿಳಿದ ಮೇಲೆ ಅವನು ಗಡ್ಡ ತೆಗೆಯುವುದನ್ನೇ ಬಿಟ್ಟ. ಪೇಪರು ಹಿಡಿದು ವರಾಂಡದಲ್ಲಿ ಕೂತರೆ ಮಧ್ಯಾಹ್ನದವರೆಗೂ ಅದೇ ಪುಟ. ನನ್ನ ಓರಗಿತ್ತಿ ಫೋನ್ ಮಾಡಿದಳು.

"ಅಕ್ಕಾ, ನಿಮ್ಮ ದಮ್ಮಯ್ಯ, ಇವರಿಗೊಂದು ಸಮಿತಿ ಹುಡುಕಿಕೊಡಿ. ಮನೇಲಿ ಹುಳಿಗೆ ಮೂಲಂಗಿ ಹಾಕೋದೋ ಬೂದುಗುಂಬಳಾನೋ ಅನ್ನೋದಕ್ಕೂ ಕೈ ಎತ್ತಿಸ್ತಾರೆ. ಇರೋರು ಇಬ್ರು. ಪ್ರತಿಸಲಾನೂ ಸಮ ಸಮ ಬಂದು ನಿಂತ್ಹೋಗುತ್ತೆ, ಅಡುಗೇನೇ ಆಗಲ್ಲ!"

ಸಮಿತಿ ನಾನು ಹುಡುಕಲಿಲ್ಲ, ಅದೇ ನಮ್ಮ ಮನೆಗೆ ಬಂತು. ನನ್ನ ಜೊತೆ ಇರುವ ಮೊಮ್ಮಗಳು ಒಂದು ಭಾನುವಾರ ಅವನಿಗೆ ಪೋಕರ್ ಎಂಬ ಆಟ ಕಲಿಸಿದಳು. ಎಲ್ಲರೂ ಸಮನಾಗಿ ದುಡ್ಡು ಹಾಕಿ, ಸಮನಾಗಿ ಬಿಲ್ಲೆ ಪಡೆದು ಕೂರುವುದು. ಬಿಲ್ಲೆ ಖಾಲಿಯಾದವರು ಒಬ್ಬೊಬ್ಬರಾಗಿ ಎದ್ದುಹೋಗುವುದು. ಕೊನೆಗೆ ಉಳಿದವರದು ಗೆಲುವು. ನಮ್ಮ ಊಟದ ಮೇಜು ದೊಡ್ಡದು. ಯಜಮಾನರು ತೀರಿಕೊಂಡ ಮೇಲೆ ಅದರ ಮೇಲೆ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಎರಡೇ ವಾರದಲ್ಲಿ ಬಟ್ಟೆ ಮಂಚಕ್ಕೆ ಹೋಯಿತು, ಮೇಜಿನ ಸುತ್ತ ಎಂಟು ಜನ ಕೂತರು.

ಎಂಟೂ ಜನರ ಪರಿಚಯ ನಿಮಗೆ ಬೇಕಿಲ್ಲ, ಇಬ್ಬರದು ಸಾಕು. ಒಬ್ಬರು ಚಾಮರಾಜಪೇಟೆಯ ಡ್ರಾಯಿಂಗ್ ಮೇಷ್ಟ್ರು. ಇನ್ನೊಬ್ಬ ಪಕ್ಕದ ಬೀದಿಯ ಸೈಟು ಬ್ರೋಕರ್. ಬ್ರೋಕರ್ ಹೆಚ್ಚಾಗಿ ಗೆಲ್ಲುತ್ತಾನೆ. ಮುಖದಲ್ಲಿ ಏನೂ ತೋರಿಸದೆ ಮಾತಾಡುವುದು ಅವನ ಹೊಟ್ಟೆಪಾಡು. ಮೇಷ್ಟ್ರು ಯಾವಾಗಲೂ ನಾಲ್ಕನೆಯವರು. ಶುರುವಿನಲ್ಲಿ ಬಿಲ್ಲೆಗಳಿರಲಿಲ್ಲ, ಪರಿಷೆಯಿಂದ ತಂದ ಕಡಲೆಕಾಯಿ ಹಂಚಿಕೊಂಡು ಆಡುತ್ತಿದ್ದರು. ಮೇಷ್ಟ್ರು ಟೆನ್ಷನ್ ಆದಾಗಲೆಲ್ಲ ಒಂದೊಂದೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸೋಲುವ ಮೊದಲೇ ಆಸ್ತಿ ತಿಂದು ಮುಗಿಸಿದವರನ್ನು ನೀವು ನೋಡಿದ್ದೀರಾ? ನಾನು ನಮ್ಮ ಮನೆಯಲ್ಲೇ ನೋಡಿದೆ!

ತಲೆಗೆ ಇನ್ನೂರು ರೂಪಾಯಿ, ಒಟ್ಟು ಸಾವಿರದ ಆರುನೂರು. ಮೊದಲನೆಯವರಿಗೆ ಎಂಟುನೂರು, ಎರಡನೆಯವರಿಗೆ ಐನೂರು, ಮೂರನೆಯವರಿಗೆ ಮುನ್ನೂರು ಎಂದು ಮೊಮ್ಮಗಳು ಹೇಳಿದಳು. ಸರಿಹೋಯಿತಲ್ಲ? ನನ್ನ ಮೈದುನನಿಗೆ ಸರಿಹೋಗಲಿಲ್ಲ. ಬ್ರೋಕರ್ ಕೈಗೆ ಎಂಟುನೂರು ಕೊಡಹೋದವನು ಕೈ ಹಿಂದಕ್ಕೆಳೆದುಕೊಂಡ.

"ಸೊನ್ನೇಲಿ ಮುಗಿಯೋ ದುಡ್ಡು ಯಾರಾದ್ರೂ ಕೊಡ್ತಾರಾ? ಮದುವೇಲಿ ಮುಯ್ಯಿ ನೂರು ಕೊಡ್ತೀವಾ, ನೂರೊಂದು ಕೊಡ್ತೀವಾ?"

"ಇಸ್ಪೀಟಲ್ಲಿ ಗೆಲ್ಲೋದು ಯಾವ ಶುಭಕಾರ್ಯ ಕಣಯ್ಯ?" ಎಂದೆ.

"ಗೆದ್ದೋರಿಗೆ ಶುಭವೇ ಅಲ್ವಾ ಅತ್ತಿಗೆ?"

ಎಂಟುನೂರ ಒಂದು, ಐನೂರ ಒಂದು, ಮುನ್ನೂರ ಒಂದು. ಮೂರು ರೂಪಾಯಿ ಕಡಿಮೆ ಬಿತ್ತು. ಆ ಮೂರು ರೂಪಾಯಿ ಎಲ್ಲಿಂದ ತರುವುದು ಎಂದು ತೀರ್ಮಾನಿಸಲು ಬುಧವಾರ ಸಂಜೆ ಸಭೆ ಕರೆದ. ಎಲ್ಲಿ? ನಮ್ಮ ಮನೆಯಲ್ಲಿ! ಭಾನುವಾರ ಎಂಟು ಜನ ಬರುತ್ತಿದ್ದರು, ಬುಧವಾರಕ್ಕೂ ಆರೇಳು ಜನ ತಪ್ಪುತ್ತಿರಲಿಲ್ಲ. ಅಂದು ಮೈದುನ ನುಣ್ಣಗೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಷರ್ಟು ಹಾಕಿಕೊಂಡು, ಬಗಲಲ್ಲಿ ಫೈಲು ಇಟ್ಟುಕೊಂಡು ಬಂದ.

"ಮೂರು ರೂಪಾಯಿ ನಾನೇ ಹಾಕ್ತೀನಿ ಬಿಡಿ ಸಾರ್," ಎಂದ ಬ್ರೋಕರ್.

"ಆಗಲ್ಲ. ಒಬ್ಬ ಆಟಗಾರನ ದುಡ್ಡು ಬಹುಮಾನಕ್ಕೆ ಸೇರಿದ್ರೆ ನಾಳೆ ಜನ ಏನಂತಾರೆ?"

ಯಾವ ಜನ? ಬೀದಿ ನಾಯಿಗೂ ಈ ಆಟದ ವಿಷಯ ಗೊತ್ತಿರಲಿಲ್ಲ. ನನಗೆ ತಲೆಕೆಟ್ಟು ಸಾಸಿವೆ ಡಬ್ಬಿಯಿಂದ ಮೂರು ನಾಣ್ಯ ತಂದು ಮೇಜಿನ ಮೇಲೆ ಕುಕ್ಕಿದೆ. ಅವನು ಪೆನ್ನು ತೆಗೆದ.

"ಇದನ್ನ ದೇಣಿಗೆ ಅಂತ ಬರ್ಕೊಳ್ಳಲಾ, ಸಾಲ ಅಂತ ಬರ್ಕೊಳ್ಳಲಾ ಅತ್ತಿಗೆ?"

"ಭಿಕ್ಷೆ ಅಂತ ಬರ್ಕೋ."

ಬರೆದುಕೊಳ್ಳಲಿಲ್ಲ. ಬದಲಿಗೆ ಎಲ್ಲರೂ ಇನ್ನೂರ ಒಂದು ಹಾಕುವುದು ಎಂದಾಯಿತು. ಆಗ ಐದು ರೂಪಾಯಿ ಮಿಕ್ಕಿತು. ಮೂರು ಕಡಿಮೆಯಾದಾಗ ಒಂದು ಸಭೆ ಆಗಿತ್ತು; ಐದು ಹೆಚ್ಚಾದಾಗ ಎಷ್ಟು ಆಗಬೇಡ? ಮಿಕ್ಕ ದುಡ್ಡಿಗೆ ಖಜಾಂಚಿ ಬೇಕಾಯಿತು. ಖಜಾಂಚಿಯ ಮೇಲೆ ಕಣ್ಣಿಡಲು ಇನ್ನೊಬ್ಬ ಬೇಕಾಯಿತು. ಒಂದು ತಿಂಗಳಲ್ಲಿ ಇಪ್ಪತ್ತು ರೂಪಾಯಿ ಸೇರಿತು.

"ಚಿಕ್ತಾತ, ಬ್ಯಾಂಕಲ್ಲಿ ಅಕೌಂಟ್ ಓಪನ್ ಮಾಡ್ಬಿಡಿ," ಎಂದು ಮೊಮ್ಮಗಳು ತಮಾಷೆ ಮಾಡಿದಳು.

ಮಾರನೆಯ ಬೆಳಿಗ್ಗೆ ಅವನು ಬ್ಯಾಂಕಿನಿಂದ ಫೋನ್ ಮಾಡಿದ. "ಪುಟ್ಟಾ, ಇಲ್ಲಿ ಸಂಘದ ನೋಂದಣಿ ಪತ್ರ ಕೇಳ್ತಿದಾರಲ್ಲಮ್ಮಾ!"

ಇದೆಲ್ಲ ನಗುವಿನಲ್ಲೇ ಹೋಗುತ್ತಿತ್ತು. ಆದರೆ ಒಂದು ಭಾನುವಾರ ಮೇಷ್ಟ್ರು ಮತ್ತೆ ನಾಲ್ಕನೆಯವರಾದರು. ಎದ್ದು ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ತಿರುಗಿ ನಿಂತರು.

"ಮೊದ್ಲು ಸೋತೋನು ಮನೆಗ್ಹೋಗಿ ಮ್ಯಾಚ್ ನೋಡ್ತಾ ಕಾಲು ಚಾಚ್ಕೊಂಡಿರ್ತಾನೆ. ನಾನು ಸಂಜೆವರೆಗೂ ಕೂತು ಸೊಂಟ ನೋಯಿಸ್ಕೊಂಡು ಅವನಷ್ಟೇ ಬರಿಗೈಲಿ ಹೋಗ್ಬೇಕು. ಇದ್ಯಾವ ನ್ಯಾಯ ಸ್ವಾಮಿ? ನಾಳೆಯಿಂದ ನಾನು ಬರಲ್ಲ."

"ಹೋಗ್ಲಿ ಬಿಡಿ ಸಾರ್," ಎಂದ ಬ್ರೋಕರ್. "ನನ್ನ ಕೇಳಿದ್ರೆ ಗೆದ್ದೋನಿಗೇ ಎಲ್ಲಾ ಕೊಟ್ಬಿಡಿ. ಲೆಕ್ಕಾನೇ ಇರಲ್ಲ."

"ನೀನು ಕೆರೆ ಜಾಗಾನೂ ಹಾಗೇ ಒಬ್ನೇ ನುಂಗಿದ್ದಲ್ವೇನಯ್ಯಾ?" ಎಂದರು ಮೇಷ್ಟ್ರು.

ಮೇಜು ಎರಡು ಪಕ್ಷವಾಯಿತು. ಅರ್ಧ ಜನ ಗೆದ್ದವನಿಗೇ ಹೆಚ್ಚು ಎಂದರು, ಅರ್ಧ ಜನ ಎಲ್ಲರಿಗೂ ಅಷ್ಟಷ್ಟು ಎಂದರು. ಬುಧವಾರದ ಸಭೆಗಳಲ್ಲಿ ದನಿ ಏರಿತು. ಒಬ್ಬರು ಬಜ್ಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ನನ್ನ ಬಜ್ಜಿ ಬಿಟ್ಟು ಎದ್ದ ಮೇಲೆ ವಿಷಯ ಸಣ್ಣದಲ್ಲ ಎಂದು ನನಗೂ ಗೊತ್ತಾಯಿತು. ಮೈದುನ ಫೈಲು ಎದೆಗೆ ಅವಚಿಕೊಂಡು ಒಬ್ಬೊಬ್ಬರ ಮನೆಗೂ ಅಲೆದ. ಈ ಸಮಿತಿಯೂ ಮುರಿದರೆ ಅವನಿಗೆ ಬೇರೊಂದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓರಗಿತ್ತಿಯಂತೂ ಗವಿ ಗಂಗಾಧರನಿಗೆ ಹರಕೆ ಹೊತ್ತಿದ್ದಳು.

ಬಗೆಹರಿಸಿದವಳು ಮೊಮ್ಮಗಳು. ಒಂದು ಬುಧವಾರ ಯಾರದೋ ಆರತಕ್ಷತೆಗೆ ಹೊರಟವಳು ಆಟೋ ಬರುವವರೆಗೆ ಬಾಗಿಲಲ್ಲಿ ನಿಂತು ಜಗಳ ಕೇಳಿಸಿಕೊಂಡಳು.

"ಮೊದಲಿನ ಹಾಗೆ ಎಲ್ರೂ ಇನ್ನೂರೇ ಹಾಕಿ. ನಾಲ್ಕನೆಯವರಿಗೆ ಅವರ ಇನ್ನೂರು ವಾಪಸ್ ಕೊಟ್ಬಿಡಿ. ಮಿಕ್ಕಿದ್ದು ಏಳ್ನೂರು, ನಾನೂರು, ಮುನ್ನೂರು. ಮುಗೀತಲ್ಲ?"

ಮೇಷ್ಟ್ರ ಮುಖ ಅರಳಿತು. ಬ್ರೋಕರ್ ಕೂಡ ಏಳುನೂರು ಕಡಿಮೆಯೇನಲ್ಲ ಎಂದು ತಲೆಯಾಡಿಸಿದ.

"ಮತ್ತೆ ಒಂದು ರೂಪಾಯಿ?" ಎಂದ ಮೈದುನ. ದನಿ ಯಾಕೋ ಸಣ್ಣಗಿತ್ತು.

ಅವಳು ಬ್ಯಾಗಿನಿಂದ ಒಂದು ಕಟ್ಟು ತೆಗೆದಳು. ಗಾಂಧಿ ಬಜಾರಿನ ಮುಯ್ಯಿ ಕವರುಗಳು, ಮೇಲೆ ರೂಪಾಯಿ ನಾಣ್ಯ ಅಂಟಿಸಿರುತ್ತಾರಲ್ಲ, ಅವು. "ನನ್ನ ಲೆಕ್ಕದಲ್ಲಿ ಇಟ್ಕೊಳಿ."

"ಆ ನಾಣ್ಯ ಯಾವ ಖಾತೆಗೆ ಬರ್ಕೊಳ್ಳೋದಮ್ಮಾ?"

"ಅಂಟಿಸ್ಬಿಟ್ಟಿದಾರೆ ಚಿಕ್ತಾತ. ಅದು ದುಡ್ಡಲ್ಲ, ಕವರು."

ಆಟೋ ಬಂತು, ಅವಳು ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಜ್ಜಿ ಪೂರ್ತಿ ಖಾಲಿಯಾಯಿತು. ಭಾನುವಾರ ಬ್ರೋಕರ್ 'ನವದಂಪತಿಗಳಿಗೆ ಶುಭಾಶಯ' ಎಂದು ಅಚ್ಚಾಗಿದ್ದ ಕವರನ್ನು ಕಣ್ಣಿಗೊತ್ತಿಕೊಂಡ. ಮೇಷ್ಟ್ರು ನಾಲ್ಕನೆಯವರಾಗಿ, ತಮ್ಮ ಇನ್ನೂರೇ ತಮಗೆ ವಾಪಸ್ ಬಂದದ್ದನ್ನು ಲಾಟರಿ ಹೊಡೆದವರ ಹಾಗೆ ಎಲ್ಲರಿಗೂ ತೋರಿಸಿದರು. ಅಬ್ಬಾ, ಇನ್ನು ಬುಧವಾರದ ಕಾಟ ತಪ್ಪಿತು, ಮೇಜಿನ ಮೇಲೆ ಬಟ್ಟೆ ಮಡಚಬಹುದು ಎಂದುಕೊಂಡೆ.

ಬುಧವಾರ ಸಂಜೆ ಬಾಗಿಲು ತಟ್ಟಿದ ಸದ್ದು. ಮೈದುನ ಒಬ್ಬನೇ ನಿಂತಿದ್ದ. ಫೈಲು ಇರಲಿಲ್ಲ. ಗಡ್ಡ ಬೆಳ್ಳಗೆ ಮೊಳೆತಿತ್ತು.

"ಹೀಗೇ ಈ ಕಡೆ ಬಂದಿದ್ದೆ ಅತ್ತಿಗೆ."

ಮೇಜಿನ ಮೇಲಿದ್ದ ಬಟ್ಟೆಯನ್ನು ಅತ್ತ ಸರಿಸಿದೆ. ತನ್ನ ಮಾಮೂಲು ಕುರ್ಚಿಯಲ್ಲಿ ಕೂತ. ಕಾಫಿ ಕೊಟ್ಟೆ.

"ಹಂಚಿದ್ದು ಎಲ್ಲ ಸರಿಹೋಯ್ತಾ?"

"ಸರಿಹೋಯ್ತು. ಯಾರ್ದೂ ತಕರಾರಿಲ್ಲ." ಲೋಟದೊಳಗೆ ನೋಡುತ್ತಾ ಇನ್ನೊಮ್ಮೆ ಹೇಳಿದ. "ಏನೂ ತಕರಾರೇ ಇಲ್ಲ."

ನಾನು ಅಳುವವಳಲ್ಲ, ಅಳುವವರನ್ನು ಸಮಾಧಾನ ಮಾಡುವವಳೂ ಅಲ್ಲ. ಸೀರೆಯೊಂದನ್ನು ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ.

"ಅಲ್ಲ ಕಣಯ್ಯ, ಒಂದೇ ಸುತ್ತಲ್ಲಿ ಇಬ್ರ ಬಿಲ್ಲೆ ಒಟ್ಟಿಗೇ ಖಾಲಿಯಾಗಿ ಒಟ್ಟಿಗೇ ಎದ್ರೆ? ಅವರಲ್ಲಿ ಮೂರನೆಯೋರು ಯಾರು, ನಾಲ್ಕನೆಯೋರು ಯಾರು?"

ಲೋಟ ಕೆಳಗಿಟ್ಟ. "ಏನಂದ್ರಿ?"

"ನಂಗೇನು ಗೊತ್ತು. ನಾಲ್ಕನೇ ಕ್ಲಾಸಿಗೆ ಬಿಟ್ಟೋಳು. ಸುಮ್ನೆ ಕೇಳ್ದೆ."

ಅವನ ಹುಬ್ಬು ಮೇಲೇರಿತು. ಮೇಜಿನ ಕೆಳಗೆ ಮಂಡಿ ಕುಣಿಯಲು ಶುರುವಾಯಿತು. ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

"ಅತ್ತಿಗೆ, ಇದು ಹೀಗೆ ಕೂತ್ಕೊಂಡು ನಾವಿಬ್ರೇ ತೀರ್ಮಾನ ಮಾಡೋ ವಿಷಯ ಅಲ್ಲ," ಎನ್ನುತ್ತಲೇ ಫೋನ್ ಹಚ್ಚಿದ. "ಮೇಷ್ಟ್ರೇ, ಎಲ್ಲಿದೀರಿ? ತಕ್ಷಣ ಹೊರಟು ಬನ್ನಿ. ದೊಡ್ಡ ತೊಡಕು ಬಂದ್ಬಿಟ್ಟಿದೆ!"

ಮೊಮ್ಮಗಳು ರೂಮಿನಿಂದ ತಲೆ ಹೊರಹಾಕಿದಳು. "ಅಜ್ಜೀ, ಅದಕ್ಕೆ ರೂಲ್ ಇದೆ. ಆ ಸುತ್ತು ಶುರುವಾದಾಗ ಯಾರ ಹತ್ರ ಜಾಸ್ತಿ..."

"ನೀನು ಬಾಯಿ ಮುಚ್ಕೊಂಡು ಅಂಗಡಿಗೆ ಹೋಗು," ಎಂದೆ. "ಕಾಫಿಪುಡಿ ತಗೊಂಡ್ಬಾ. ಕಾಲು ಕೆಜಿ ತರಬೇಡ, ಒಂದು ಕೆಜಿ ತಾ."