ಸ್ಕೂಟರ್ ವಿಮೆಗೆ ಚೌಕಾಸಿ

ಮೊದಲೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿ ಮಾನ ಕಳೆಯುವುದು ಬೇಡ. ನಮ್ಮ ಮನೆಗೆ ಬರಬೇಕಿದ್ದ ಹೊಸ ಸ್ಕೂಟರು ಷೋರೂಮಿನಲ್ಲೇ ಧೂಳು ಹಿಡಿಯುತ್ತಾ ನಿಂತದ್ದಕ್ಕೆ ಸರ್ಕಾರ ಕಾರಣವಲ್ಲ, ಷೋರೂಮಿನವರು ಕಾರಣರಲ್ಲ, ಶನಿಮಹಾತ್ಮನಂತೂ ಅಲ್ಲವೇ ಅಲ್ಲ. ಸಂಪೂರ್ಣ ಕೀರ್ತಿ ನನಗೇ ಸಲ್ಲಬೇಕು.

ಆಗೆಲ್ಲ ಸ್ಕೂಟರು ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಅಪ್ಪ ಹೆಸರು ಬರೆಸಿದಾಗ ನಾನು ಚಡ್ಡಿ ಹಾಕುತ್ತಿದ್ದೆ. ನಮ್ಮ ಸರದಿ ಬಂದಿದೆಯೆಂದು ಕಾಗದ ಬಂದಾಗ ನನಗೆ ಮೀಸೆ ಬಂದಿತ್ತು. ರಾಜಾಜಿನಗರದ ನಮ್ಮ ಬೀದಿ ಪೂರ್ತಿ ಆ ಕಾಗದವನ್ನು ಓದಿ ಸಂತೋಷಪಟ್ಟಿತು. ತಿಂಗಳ ಕೊನೆಯೊಳಗೆ ವಿಮೆ ಮಾಡಿಸಿ ಗಾಡಿ ಬಿಡಿಸಿಕೊಳ್ಳದಿದ್ದರೆ ಅದು ಸರದಿಯಲ್ಲಿ ನಮ್ಮ ಹಿಂದಿರುವವರ ಪಾಲು ಎಂದೂ ಅದರಲ್ಲಿತ್ತು. ಅಪ್ಪ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವರಿಗೆ ಸೈಕಲ್ಲೇ ಸರಿಯಾಗಿ ಬಾರದು. ನಾನು ಗೆಳೆಯನ ಗಾಡಿಯಲ್ಲಿ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ.

“ಇನ್ಶೂರೆನ್ಸ್ ಕೆಲಸ ನೀನು ಮುಗಿಸು, ಗಾಡಿ ನೀನೇ ಓಡಿಸ್ಕೋ” ಎಂದರು.

ಅಂದಿನಿಂದ ನನ್ನ ಕಾಲು ನೆಲ ಮುಟ್ಟಲಿಲ್ಲ. ಕೂತರೆ ನಿಂತರೆ ಅದೇ ಕನಸು: ಬೆಳಗಿನ ಮಂಜಿನಲ್ಲಿ ಮೈಸೂರು ರಸ್ತೆ, ಎರಡು ಬದಿಗೂ ಸಾಲುಮರ, ಆಕಾಶದ ಬಣ್ಣದ ಸ್ಕೂಟರು, ಗಾಳಿ ತುಂಬಿ ಉಬ್ಬಿದ ನನ್ನ ಶರ್ಟು. ಗಾಡಿ ಸದ್ದೇ ಮಾಡದೆ, ನೀರಿನ ಮೇಲೆ ಎಲೆ ತೇಲಿದಂತೆ ಹೋಗುತ್ತಿತ್ತು. ಕೆಂಗೇರಿ ಮುಟ್ಟುವವರೆಗೂ ಒಂದು ಲಾರಿಯೂ ಅಡ್ಡ ಬರುತ್ತಿರಲಿಲ್ಲ. ಕನಸಿನಲ್ಲಿ ಟ್ರಾಫಿಕ್ಕು ನಮ್ಮ ಕೈಯಲ್ಲೇ ಇರುತ್ತದೆ.

ಎದುರು ಮನೆಯ ಶ್ರೀಕಂಠಯ್ಯನವರು ವಿಮೆ ಏಜೆಂಟರು. ಅವರ ಹತ್ತಿರ ಹೋಗಿದ್ದರೆ ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತಿತ್ತು. ಆದರೆ ನಾನು ನಮ್ಮ ಬೀದಿಯ ಮಿಮಿಕ್ರಿ ಕಲಾವಿದ. ಅವರು ಕಣ್ಣು ಮುಚ್ಚಿಕೊಂಡು “ಮನುಷ್ಯ ಇವತ್ತಿರ್ತಾನೆ, ನಾಳೆ...” ಎಂದು ಅರ್ಧಕ್ಕೆ ನಿಲ್ಲಿಸುವುದನ್ನು ಗಣೇಶನ ಪೆಂಡಾಲಿನಲ್ಲಿ, ಅವರೆದುರೇ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಅವರ ಮುಂದೆಯೇ ಕೈಕಟ್ಟಿ ನಿಲ್ಲುವುದೇ? ಮೇಲಾಗಿ ಮೊದಲ ಅಂಗಡಿಯಲ್ಲೇ ಕೊಳ್ಳುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ಅಮ್ಮ ಬದನೆಕಾಯಿಗೂ ಬೆಲೆ ಕೇಳಿ, ಮುಖ ಸಿಂಡರಿಸಿ, ಬೆನ್ನು ತಿರುಗಿಸಿ ನಡೆದುಬಿಡುತ್ತಾಳೆ. ಹಿಂದಿನಿಂದ “ಬಾಮ್ಮಾ, ಎಷ್ಟು ಕೊಡ್ತೀಯ ಹೇಳು” ಎಂಬ ಕೂಗು ಬರುತ್ತದೆ. ಬರಲೇಬೇಕು. ಈ ಮಹಾವಿದ್ಯೆ ನನ್ನ ರಕ್ತದಲ್ಲೂ ಇದೆಯೆಂದು ನಂಬಿ ಮೆಜೆಸ್ಟಿಕ್ಕಿನ ಬಸ್ಸು ಹತ್ತಿದೆ.

ಮೊದಲ ಕಂಪನಿಯ ಗುಮಾಸ್ತರು ಪುಸ್ತಕ ತೆರೆದು ದರ ಹೇಳಿದರು. ನಾನು ಅಮ್ಮನ ಮುಖ ಹಾಕಿಕೊಂಡು, ಕೊನೇ ರೇಟು ಹೇಳಿ ಸಾರ್ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ ಅದೇ ದರವನ್ನು ಇನ್ನೂ ನಿಧಾನವಾಗಿ, ಕಿವಿ ಕೇಳಿಸದವನಿಗೆ ಹೇಳುವಂತೆ ಹೇಳಿದರು. ಬೆನ್ನು ತಿರುಗಿಸಿ ನಡೆದೆ. ಬಾಗಿಲು ಬಂತು. ಕೂಗು ಬರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಬರಲಿಲ್ಲ. ಮೆಟ್ಟಿಲುಗಳನ್ನು ಮದುವಣಗಿತ್ತಿಯ ಹಾಗೆ ಇಳಿಯತೊಡಗಿದೆ. ಆಗ ಕೇಳಿಸಿತು: ಸ್ವಲ್ಪ ನಿಂತ್ಕೊಳ್ಳಿ ಸಾರ್! ಗೆದ್ದೆನೆಂದು ತಿರುಗಿದರೆ ಜವಾನ. ನಾನು ಬೆಂಚಿನ ಮೇಲೆ ಕೊಡೆ ಬಿಟ್ಟುಬಂದಿದ್ದೆ.

ಎರಡನೆಯ ಕಂಪನಿಯಲ್ಲೂ ಅದೇ ದರ. ಮೂರನೆಯದರಲ್ಲೂ ಅದೇ. ಅಲ್ಲಿನ ಫ್ಯಾನಿನ ಕೆಳಗೆ ನನ್ನ ಸರದಿಗೆ ಕಾಯುತ್ತಾ ಕೆಂಗೇರಿಯವರೆಗೂ ಹೋಗಿಬಂದೆ, ಕಣ್ಣು ಮುಚ್ಚಿಕೊಂಡೇ. ಹೀಗೆ ದಿನಗಳು ತೇಲಿಹೋದವು. ಕಂಪನಿಯವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆಂದು ಅಮ್ಮನಿಗೆ ವರದಿ ಒಪ್ಪಿಸಿದೆ.

ಅಮ್ಮ ಸೊಪ್ಪು ಬಿಡಿಸುತ್ತಾ ಹೇಳಿದಳು: “ಒಂದೇ ಕಾಯಿ ಕೇಳಿದ್ರೆ ಯಾರೋ ಕಮ್ಮಿ ಮಾಡ್ತಾರೆ? ಬುಟ್ಟಿ ಪೂರ್ತಿ ತಗೋತೀನಿ ಅನ್ಬೇಕು.”

ಜ್ಞಾನೋದಯವಾಯಿತು. ಮೂಲೆಯ ಔಷಧಿ ಅಂಗಡಿಗೆ ಹೋಗಿ, ಬಾಯಲ್ಲಿ ಕಡಲೆಮಿಠಾಯಿ ತುರುಕಿಕೊಂಡು, ಮೊದಲ ಕಂಪನಿಗೇ ಫೋನು ಮಾಡಿದೆ. ಮಾಗಡಿ ರಸ್ತೆಯ ಲಾರಿ ಯಜಮಾನರೊಬ್ಬರು ಎಲೆಅಡಿಕೆ ಜಗಿಯುತ್ತಾ, ಹೊಟ್ಟೆಯಿಂದ ದನಿ ತೆಗೆದು ಮಾತಾಡುವುದು ನನ್ನ ಬತ್ತಳಿಕೆಯ ಅತ್ಯುತ್ತಮ ಬಾಣ. “ನೋಡಪ್ಪಾ, ನಂದು ಹತ್ತು ಲಾರಿ ಅವೆ, ಜೊತ್ಗೊಂದು ಸ್ಕೂಟ್ರು. ಏನ್ ಕಮ್ಮಿ ಮಾಡ್ತೀಯ?” ಎಂದೆ. ಆ ಕಡೆಯ ದನಿ ಎದ್ದು ನಿಂತದ್ದು ತಂತಿಯಲ್ಲೇ ಗೊತ್ತಾಯಿತು. ದರ ಯಾರಿಗೂ ಕಮ್ಮಿಯಾಗದು, ಆದರೆ ನಮ್ಮವರನ್ನು ಮನೆಗೇ ಕಳಿಸುತ್ತೇವೆ, ವಿಳಾಸ ಕೊಡಿ ಎಂದರು. ನನಗೆ ಆ ಮಾತಿನ ಕೊನೆಯ ಅರ್ಧ ಮಾತ್ರ ಕೇಳಿಸಿತು. ಯಜಮಾನಿಕೆಯ ಅಮಲಿನಲ್ಲಿ ನಮ್ಮ ಮನೆಯದೇ ವಿಳಾಸ ಕೊಟ್ಟುಬಿಟ್ಟೆ! ಅಂದು ಮಧ್ಯಾಹ್ನದ ನಿದ್ದೆಯಲ್ಲಿ ನನ್ನ ಸ್ಕೂಟರಿನ ಹಿಂದೆ ಮೂರೂ ಕಂಪನಿಯವರು ಮೋಡದ ಮೇಲೆ ಓಡಿಬರುತ್ತಿದ್ದರು, “ಎಷ್ಟು ಕೊಡ್ತೀಯ ಹೇಳು” ಎನ್ನುತ್ತಾ.

ಮರುದಿನ ಬೆಳಿಗ್ಗೆ ಬಂದವರು ಶ್ರೀಕಂಠಯ್ಯನವರು. ನಮ್ಮ ಬಡಾವಣೆಗೆ ಆ ಕಂಪನಿಯ ಏಜೆಂಟರು ಅವರೇ ಅಂತೆ. ಕೋಟು ಹಾಕಿದ್ದರು, ಕೈಯಲ್ಲಿ ಸೇಬಿನ ಪೊಟ್ಟಣವಿತ್ತು. ಬನಿಯನ್ನಿನಲ್ಲಿ ಪೇಪರು ಓದುತ್ತಿದ್ದ ಅಪ್ಪನನ್ನು ನೋಡಿ ತಬ್ಬಿಬ್ಬಾದರು.

“ಮೇಷ್ಟ್ರೇ, ಹತ್ತು ಲಾರಿ ಯಜಮಾನ್ರು ನಿಮ್ಮನೇಲಿ ಇಳ್ಕೊಂಡಿದಾರೆ ಅಂದ್ರಲ್ಲ ಆಫೀಸಿನೋರು. ಎಲೆಅಡಿಕೆ ಹಾಕ್ಕೊಂಡು ಮಾತಾಡ್ತಾರಂತೆ.”

ನಾನು ಹಿತ್ತಲಿನ ಕಡೆ ಜಾರುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಹೆಮ್ಮೆಯಿಂದ ಕೂಗಿದಳು: “ಆ ದನಿ ನಮ್ಮೋನು ಎಷ್ಟು ಚೆನ್ನಾಗಿ ಮಾಡ್ತಾನೆ ಗೊತ್ತಾ? ಮಾಡಿ ತೋರ್ಸೋ.”

ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಶ್ರೀಕಂಠಯ್ಯನವರು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಪ್ರತಿ ಕಂಪನಿಯೂ ಈಗ ಸರ್ಕಾರದ್ದೇ, ಎಲ್ಲರಿಗೂ ಒಂದೇ ದರದ ಪುಸ್ತಕ, ಒಂದು ಪೈಸೆಯನ್ನೂ ಯಾರೂ ಬಿಡುವಂತಿಲ್ಲ ಎಂದು ಮೆಲ್ಲಗೆ ವಿವರಿಸಿದರು. ರೇಷನ್ ಅಂಗಡಿಯಲ್ಲಿ ಸಕ್ಕರೆಗೆ ಚೌಕಾಸಿ ಮಾಡುತ್ತಾ ನಾನು ಊರು ಸುತ್ತಿದ್ದೆ! ಗಾಡಿ ಬಿಡಿಸಿಕೊಳ್ಳಲು ನಾಳೆಯೇ ಕೊನೆಯ ದಿನ ಎಂದು ಅಪ್ಪ ನೆನಪಿಸಿದಾಗ, ನಾವು ಕೇಳುವ ಮೊದಲೇ ಶ್ರೀಕಂಠಯ್ಯನವರು ಚೀಲದಿಂದ ಅರ್ಜಿ ತೆಗೆದರು. ಸೇಬಿನ ಪೊಟ್ಟಣವನ್ನೂ ಅಲ್ಲೇ ಬಿಟ್ಟರು. ಲಾರಿಗಳು ಹೋದರೂ ಸ್ಕೂಟರು ಉಳಿಯಿತು. ನನ್ನ ಜೀವ ಮತ್ತೆ ಮೈಸೂರು ರಸ್ತೆಯ ಮಂಜಿನೊಳಕ್ಕೆ ಮೆಲ್ಲಗೆ ಹೊರಟಿತು.

ಅವರು ಬರೆಯುತ್ತಾ ಬರೆಯುತ್ತಾ ಪೆನ್ನು ಎತ್ತಿ, ಗಾಡಿ ಓಡಿಸುವವರ ಹೆಸರು ಏನೆಂದು ಬರೆಯಲಿ ಎಂದು ಕೇಳಿದರು. ನಾನು ಶರ್ಟಿನ ಕಾಲರು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: “ನನ್ ಹೆಸ್ರೇ ಬರ್ಕೊಳ್ಳಿ, ಕಲೀತೀನಿ. ಹತ್ತು ಲಾರಿ ಯಜಮಾನ್ರು, ಪಾಪ, ಸ್ಕೂಟರ್ ಯಾಕೆ ಓಡಿಸ್ತಾರೆ?”