ತೇಲುವ ರೈಲು, ಏಳರ ಬಸ್ಸು ಮತ್ತು ಬುತ್ತಿ ಡಬ್ಬಿ

ಮಾಸ್ತರಿಕೆ ಎಂಬುದು ಒಂದು ಚಟ. ನಾಲ್ಕು ಮಂದಿ ಒಂದೆಡೆ ಕೂತದ್ದು ಕಂಡರೆ ಸಾಕು, ನನಗೆ ಪಾಠ ಮಾಡಬೇಕೆನಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ಹಪ್ಪಳ ಏಕೆ ಉಬ್ಬುತ್ತದೆಂದು ಬಾಜೂದವರಿಗೆ ವಿವರಿಸುವಷ್ಟರಲ್ಲಿ ಬಡಿಸುವವರು ಮುಂದೆ ಹೋಗಿ, ಹಪ್ಪಳ ತಿನ್ನದೆ ಕೈತೊಳೆದವನು ನಾನು. ಯರಗುಪ್ಪಿಯ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮನೆಯಲ್ಲಿ ಮಾತ್ರ ಅದಕ್ಕೆ ಮೂರು ಕಾಸಿನ ಕಿಮ್ಮತ್ತಿಲ್ಲ. ಹೆಂಡತಿ ಗಿರಿಜಾ ನನ್ನನ್ನು ನಂಬಿ ಒಪ್ಪಿಸಿದ ಕೆಲಸ ಒಂದೇ ಒಂದು: ಮುಂಜಾನೆ ಏಳರ ಬಸ್ಸಿಗೆ ಬುತ್ತಿ ಡಬ್ಬಿ ಮುಟ್ಟಿಸುವುದು.

ನಮ್ಮ ಕಡೆ ಮಕ್ಕಳು ಓದಲಿಕ್ಕೆ ಹುಬ್ಬಳ್ಳಿಗೆ ಹೋದರೂ ಅವರ ಹೊಟ್ಟೆ ಊರಲ್ಲೇ ಇರುತ್ತದೆ. ರೊಟ್ಟಿ ಪಲ್ಯ ಕಟ್ಟಿ ಕಂಡಕ್ಟರ್ ಮೌಲಾಸಾಬರ ಕೈಗೆ ಕೊಟ್ಟರಾಯಿತು, ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಗಳು ದೀಪಾ ಇಸಕೊಳ್ಳುತ್ತಾಳೆ. ಸಂಜೆ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತದೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಮನೆಯಲ್ಲಿ ನಾನು ಪಾಸಾದ ವಿಷಯ ಅದೊಂದೇ.

ಹೀಗಿರುವಾಗ ಪೇಪರಿನಲ್ಲಿ ಸುದ್ದಿ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಅಯಸ್ಕಾಂತದ ರೈಲು ಮಾಡುವ ಪ್ರಸ್ತಾಪವಿದೆಯಂತೆ, ಹಳಿಗೆ ತಾಗದೆ ಗಾಳಿಯಲ್ಲಿ ತೇಲಿಕೊಂಡು ಓಡುತ್ತದಂತೆ. ಚಹಾದಂಗಡಿಯಲ್ಲಿ ಅದನ್ನು ಓದಿ ಹೇಳಿದೆ. ಊರಿನ ಹಿರಿಯ ಬಸವಣ್ಣೆಪ್ಪ ಕಾಕಾ ನಕ್ಕುಬಿಟ್ಟರು. "ಗಾಲಿ ಇಲ್ದ ಗಾಡಿ ಹ್ಯಾಂಗ ಓಡತೈತ್ರಿ ಮಾಸ್ತರ? ನಿಮಗ ಯಾರೋ ಟೋಪಿ ಹಾಕ್ಯಾರ!" ನನಗೆ ರೋಷ ಬಂತು. "ನಾಳೆ ತೋರಸ್ತೀನಿ, ಬರ್ರಿ" ಎಂದೆ.

ಮರುದಿನ ದೀಪಾಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಅವಳು ಕೇಳಿದ್ದಳೆಂದು ಗಿರಿಜಾ ನಸುಕಿನಲ್ಲೇ ಎದ್ದು ಶೇಂಗಾ ಹೋಳಿಗೆ ಮಾಡಿದ್ದಳು, ಜೊತೆಗೆ ರೊಟ್ಟಿ, ಎಣ್ಣೆಗಾಯಿ. ಡಬ್ಬಿಯನ್ನು ತನ್ನ ತಮ್ಮನ ಮದುವೆಯ ತಾಂಬೂಲದ ಚೀಲದಲ್ಲಿಟ್ಟು ಕೊಟ್ಟಳು. ಶಾಲೆಯ ಅಯಸ್ಕಾಂತಗಳಿದ್ದ ಬಿಸ್ಕೀಟಿನ ಡಬ್ಬಿಯನ್ನು ನಾನೂ ಅಂಥದೇ ಇನ್ನೊಂದು ಚೀಲದಲ್ಲಿ ಹಾಕಿಕೊಂಡೆ. ಆ ಮದುವೆಯ ಚೀಲಗಳು ನಮ್ಮ ಮನೆಯಲ್ಲಿ ಇನ್ನೂ ಒಂದು ಗಂಟು ಇವೆ.

ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಪೆನ್ಸಿಲ್ ನಿಲ್ಲಿಸಿ, ಉಂಗುರದಂಥ ಎರಡು ಅಯಸ್ಕಾಂತ ಪೋಣಿಸಿದೆ. ಮೇಲಿನದು ಕೆಳಗಿನದಕ್ಕೆ ತಾಗದೆ ಬೆರಳಗಲ ಮೇಲೆ ತೇಲಿ ನಿಂತಿತು. "ಅಬಾಬಾ!" ಎಂದರು ಕಾಕಾ. ಅಷ್ಟರಲ್ಲಿ ಬಸ್ಸು ಬಂತು. ಮೌಲಾಸಾಬರೂ ಕೆಳಗಿಳಿದು ಬಗ್ಗಿ ನೋಡಿ, "ಇದು ಬಂದ್ರ ನಮ್ಮ ಬಸ್ಸಿನ ಗತಿ ಏನ್ರಿ ಸರ?" ಎಂದು ಮುಖ ಸಪ್ಪಗೆ ಮಾಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮಗನ ಡಬ್ಬಿ ಹಿಡಿದು ನಿಂತಿದ್ದ ಪಾರವ್ವ ಕೇಳಿದಳು: "ಅದ್ಕ ಡಬ್ಬಿ ಎಲ್ಲಿ ಕೊಡೂದ್ರಿ?"

"ಸ್ಟೇಶನ್‌ದಾಗವ್ವ."

"ಸ್ಟೇಶನ್ ಎಲ್ಲೈತ್ರಿ?"

"ಹುಬ್ಬಳ್ಳಿಯೊಳಗ."

"ಹುಬ್ಬಳ್ಳಿತನಕ ನಾನ ಹೋದಮ್ಯಾಲ ಡಬ್ಬಿ ನಾನ ಕೊಡ್ತೀನಲ್ರಿ ನನ್ನ ಮಗಗ? ಈ ತೇಲೂ ಗಾಡಿ ಯಾತಕ್ಕ ಬೇಕು?"

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ಕಾಕಾ ತಕ್ಷಣ ತೀರ್ಪು ಕೊಟ್ಟರು: "ಅರ್ಜಿ ಬರೀರಿ ಮಾಸ್ತರ. ದಿನಾ ಮುಂಜಾನೆ ಆ ಗಾಡಿ ಯರಗುಪ್ಪಿಗೆ ಬಂದು ಡಬ್ಬಿ ತೊಗೊಂಡು ಹೋಗಬೇಕು. ಒಂದ ನಿಮಿಷ ನಿಂತ್ರ ಅದರ ಗಂಟೇನ ಹೋಗತೈತಿ?" ನಾನು ಅಯಸ್ಕಾಂತಗಳನ್ನು ಡಬ್ಬಿಗೆ, ಡಬ್ಬಿಯನ್ನು ಚೀಲಕ್ಕೆ ತುಂಬಿ, ಪೆನ್ನು ಹುಡುಕತೊಡಗಿದೆ. ಡ್ರೈವರ್ ಒಂದೇ ಸವನೆ ಹಾರ್ನ್ ಹೊಡೆದ. ಗಡಬಡಿಸಿ ಕೈಗೆ ಸಿಕ್ಕ ಚೀಲವನ್ನು ಮೌಲಾಸಾಬರಿಗೆ ಕೊಟ್ಟೆ, ಬಸ್ಸು ಹೋಯಿತು.

ಎಂಟನೇ ತರಗತಿಯಲ್ಲಿ "ಇವತ್ತು ತೇಲುವ ರೈಲು ತೋರಿಸುತ್ತೇನೆ" ಎಂದು ಠೀವಿಯಿಂದ ಚೀಲಕ್ಕೆ ಕೈಹಾಕಿದೆ. ಊಟದ ಡಬ್ಬಿ ಬಂತು. ಮುಚ್ಚಳ ತೆಗೆದರೆ ಎಣ್ಣೆಗಾಯಿಯ ವಾಸನೆ ಇಡೀ ಕ್ಲಾಸಿಗೆ ಹಬ್ಬಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಇಣುಕಿ ನೋಡಿ, ನನಗೆ ಆಸರೆಯಾಗಲೆಂದೋ ಏನೋ, "ಎಣ್ಣಿ ತೇಲಾಕತ್ತೈತ್ರಿ ಸರ" ಎಂದಳು.

ಮನೆಗೆ ಹೋಗುವಷ್ಟರಲ್ಲಿ ದೀಪಾಳ ಫೋನು ಬಂದುಹೋಗಿತ್ತು. ಪರೀಕ್ಷೆ ಮುಗಿಸಿ ಹಸಿದು ಹೋಳಿಗೆಯೆಂದು ಕೈ ಹಾಕಿದರೆ ಅಯಸ್ಕಾಂತ! ಅಳುಮೋರೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಾಗ, ಮಧ್ಯಾಹ್ನದ ಟ್ರಿಪ್ಪಿಗೆ ಬಂದಿದ್ದ ಮೌಲಾಸಾಬರು ತಮ್ಮ ಡಬ್ಬಿಯನ್ನೇ ಅವಳಿಗೆ ಕೊಟ್ಟು, ತಾವು ಬರೀ ಚಹಾ ಕುಡಿದರಂತೆ. ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಗಿರಿಜಾ ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಹೆದರಿಕೆಯ ಸಂಗತಿ. "ನಾಳಿಯಿಂದ ನಾನ ಹೋಗ್ತೀನಿ. ನೀವು ಮನ್ಯಾಗ ಕೂತು ಗಾಡಿ ತೇಲಸ್ರಿ" ಎಂದಳು. ಮರುದಿನ ಅವಳೇ ಹೋಗಿ ಎರಡು ಡಬ್ಬಿ ಕೊಟ್ಟು ಬಂದಳು, ಒಂದು ಮಗಳಿಗೆ, ಇನ್ನೊಂದು ಮೌಲಾಸಾಬರಿಗೆ. ನನ್ನ ತಾಟಿಗೆ ನಿನ್ನೆಯ ರೊಟ್ಟಿ ಬಿತ್ತು.

ಕಾಕಾ ಬಿಡಬೇಕಲ್ಲ, ಅರ್ಜಿ ಬರೆಸಿಯೇ ಬಿಟ್ಟರು. ಊರೆಲ್ಲ ತಿರುಗಿ ಸಹಿ ಮಾಡಿಸಿಕೊಂಡು ಅದು ಕೊನೆಗೆ ನಮ್ಮ ಮನೆಗೂ ಬಂತು. ಗಿರಿಜಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಮಾಡಿದಳು. ಕೆಳಗೆ ತನ್ನ ಕೈಯಾರೆ ಒಂದು ಸಾಲು ಸೇರಿಸಿದಳು: "ಗಾಡಿ ಯರಗುಪ್ಪಿಗೆ ಬಂದರೆ ಡಬ್ಬಿ ಕೊಡುವ ಕೆಲಸವನ್ನು ಮಾಸ್ತರರಿಗೆ ಮಾತ್ರ ಒಪ್ಪಿಸಬಾರದು."

ಹೊಡೆದುಹಾಕೋಣವೆಂದು ಪೆನ್ನು ಎತ್ತಿದೆ, ಮನಸ್ಸಾಗಲಿಲ್ಲ. ಎಷ್ಟೆಂದರೂ ವಿಜ್ಞಾನದ ಮಾಸ್ತರ ನಾನು. ಇಡೀ ಅರ್ಜಿಯಲ್ಲಿ ಪ್ರಯೋಗದಿಂದ ಸಿದ್ಧವಾದ ಮಾತು ಅದೊಂದೇ ಇತ್ತು.